ಚಿಕ್ಕಬೀರಯ್ಯನ ಕೈಗೆ ಬಂದ ಕರೆಂಟು

ಅವತ್ತು ಬೆಳಿಗ್ಗೆ ಮಾದೇವ ತನ್ನ ಮೋಟರನ್ನು ಹೇರಿಕೊಂಡು ಬರದೇ ಇದ್ದಿದ್ದರೆ ಚಿಕ್ಕಬೀರಯ್ಯ ಹೆಂಡತಿಯನ್ನು ಕರೆದುಕೊಂಡು ಸುಮ್ಮನೆ ಮೈಸೂರು ಬಸ್ಸು ಹತ್ತಿರುತ್ತಿದ್ದ.

ಚಿಕ್ಕಬೀರಯ್ಯನಿಗೆ ರಾವಂದೂರಿನಲ್ಲಿ ಮೋಟರು ವೈಂಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳಲ್ಲಿ ಸುಟ್ಟುಹೋದ ಪಂಪ್‌ಸೆಟ್ಟುಗಳೆಲ್ಲ ಅವನಲ್ಲಿಗೆ ಬಂದು, ಹೊಟ್ಟೆ ಬಗೆಸಿಕೊಂಡು, ಹೊಸ ತಾಮ್ರದ ತಂತಿ ತುಂಬಿಸಿಕೊಂಡು ಹೋಗುತ್ತಿದ್ದವು. ಅಂಗಡಿಯ ಹಿಂದೆಯೇ ಮನೆ. ಐವತ್ತು ದಾಟಿದ ಸಣಕಲು ಆಳು, ಯಾರಿಗೂ ಇಲ್ಲ ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ಈ ಒಂದು ಗುಣದಿಂದ ಅವನು ಜೀವನದಲ್ಲಿ ಹಲವಾರು ಕಡೆ ಸಿಕ್ಕಿಹಾಕಿಕೊಂಡಿದ್ದ. ಆದರೆ ಇವತ್ತಿನಷ್ಟು ಯಾವತ್ತೂ ಇಲ್ಲ.

ಹೆಂಡತಿ ಸುನಂದಮ್ಮನ ಎಡ ಎದೆಯಲ್ಲಿ ಒಂದು ಗಂಟಾಗಿತ್ತು. ಅದನ್ನು ಅವಳು ಗಂಡನಿಗೂ ಹೇಳದೆ ಬಹಳ ಕಾಲ ಮುಚ್ಚಿಟ್ಟಿದ್ದಳು. ಸರಗೂರಿಗೆ ಕೊಟ್ಟಿದ್ದ ಮಗಳು ರಮ್ಯಶ್ರೀ ಯುಗಾದಿಗೆ ಬಂದಾಗ ತಾಯಿಯ ಬೆನ್ನಿಗೂ ಪಕ್ಕೆಗೂ ಎಣ್ಣೆ ತಿಕ್ಕುವಾಗ ಅದು ಅವಳ ಕೈಗೆ ಸಿಕ್ಕಿಬಿಟ್ಟಿತು. ಪಿರಿಯಾಪಟ್ಟಣದ ಡಾಕ್ಟರಮ್ಮ ಮುಟ್ಟಿ ನೋಡಿ, ನಗುವುದನ್ನು ನಿಲ್ಲಿಸಿ, "ತಡ ಮಾಡ್ಬೇಡಿ, ಮೈಸೂರಿಗೆ ಹೋಗಿ. ಸೂಜಿ ಹಾಕಿ ಪರೀಕ್ಷೆ ಮಾಡ್ತಾರೆ" ಎಂದಿದ್ದರು. ಸುನಂದಮ್ಮನಿಗೆ ಸೂಜಿಯ ಭಯವಿತ್ತು. ಗಂಡಸು ಡಾಕ್ಟರು ನೋಡಿದರೆ ಎಂಬ ನಾಚಿಕೆಯಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಸೂಜಿ ತೆಗೆದ ಮೇಲೆ ಆ ಡಾಕ್ಟರು ಏನು ಹೇಳಿಬಿಡುತ್ತಾನೋ ಎಂಬ ದಿಗಿಲಿತ್ತು. ಒಂದು ಸಲ ಹಸು ಕರು ಹಾಕುವುದಿದೆ ಎಂದಳು, ಇನ್ನೊಂದು ಸಲ ಅಮಾವಾಸ್ಯೆ ಎಂದಳು, ಮತ್ತೊಂದು ಸಲ ಏನನ್ನೂ ಹೇಳದೆ ಹೊಲಕ್ಕೆ ಹೋಗಿ ಕುಳಿತುಬಿಟ್ಟಳು. ಕೊನೆಗೆ ಚಿಕ್ಕಬೀರಯ್ಯ ಅವಳೆದುರು ಅತ್ತೇಬಿಟ್ಟ. ಅದನ್ನು ನೋಡಲಾರದೆ ಅವಳು ಹೂಂ ಅಂದಳು.

ಈಗ ಅವಳು ಒಳ್ಳೆಯ ಸೀರೆ ಉಟ್ಟು, ತೊಡೆಯ ಮೇಲೆ ಚೀಲ ಇಟ್ಟುಕೊಂಡು, ಜಗಲಿಯ ಮೇಲೆ ಮಾತಿಲ್ಲದೆ ಕುಳಿತಿದ್ದಳು. ಬಾಯಿ ಬಿಟ್ಟರೆ ಮನಸ್ಸು ಬದಲಾಗುತ್ತದೆ ಎಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಬಸ್ಸು ಬರಲು ಇನ್ನು ಸ್ವಲ್ಪವೇ ಹೊತ್ತಿತ್ತು.

ಆಗ ಮಾದೇವ ಗೂಡ್ಸ್ ಆಟೋದಿಂದ ಮೋಟರು ಇಳಿಸಿದ.

"ಅಣ್ಣೋ, ಮೋಟ್ರು ಗುಂಯ್ ಅಂತದೆ, ತಿರುಗಕಿಲ್ಲ. ಶುಂಠಿಗೆ ನೀರು ಬುಟ್ಟು ಎಷ್ಟು ದಿನ ಆಯ್ತು ಗೊತ್ತಾ? ಒಂದ್ಸಲ ಮುಚ್ಚಳ ಬಿಚ್ಚಿ ನೋಡ್ಬುಡು."

"ಇವತ್ತಾಗಕಿಲ್ಲ ಕಣ್ಲಾ ಮಾದೇವ. ಮೈಸೂರಿಗೆ ಒಂಟಿದ್ದೀವಿ."

"ಬಸ್ಸು ಬರಗಂಟ ನೋಡ್ತಾ ಇರಣ್ಣ. ಸುಮ್ನೆ ಕುಂತಿರೋ ಬದಲು."

ಚಿಕ್ಕಬೀರಯ್ಯ ಇಲ್ಲ ಎನ್ನಬೇಕೆಂದು ಬಾಯಿ ತೆರೆದ. ಬಾಯಿ ತೆರೆದಿರುವಾಗಲೇ ಕೈ ಸ್ಪ್ಯಾನರು ಹುಡುಕುತ್ತಿತ್ತು. ಬಿಳಿ ಅಂಗಿಯ ತೋಳು ಮಡಚಿಕೊಂಡು ಕೂತು, ಮುಚ್ಚಳ ಬಿಚ್ಚಿ, ವೈರನ್ನು ಸ್ವಿಚ್ಚಿನ ಬೋರ್ಡಿಗೆ ಸಿಕ್ಕಿಸಿ, ಒಳಗಿನ ತಂತಿಯನ್ನು ಬೆರಳಲ್ಲಿ ಹಿಡಿದು, "ನೋಡ್ಲಾ, ಇಲ್ಲಿ ಲೂಜಾಗದೆ" ಎಂದ.

ಅವನು ಏನೋ ಹೇಳಿದನೆಂದು ಬೋರ್ಡಿನ ಹತ್ತಿರ ನಿಂತಿದ್ದ ಮಾದೇವನಿಗೆ ಕೇಳಿಸಿತು. ಏನೆಂದು ಕೇಳಿಸಲಿಲ್ಲ. ಸ್ವಿಚ್ಚು ಹಾಕು ಅಂದಿರಬೇಕೆಂದುಕೊಂಡು ಹಾಕಿದ.

ಚಿಕ್ಕಬೀರಯ್ಯ ಕಿರುಚಲಿಲ್ಲ. ಕಿರುಚಲು ಆಗಲಿಲ್ಲ. ಜರಡಿಯಲ್ಲಿ ಬಿದ್ದ ಕಾಳಿನಂತೆ ಕುಳಿತಲ್ಲೇ ಗಡಗಡ ಅದುರತೊಡಗಿದ. ಹಾಲಿನ ಡೈರಿಯಿಂದ ಖಾಲಿ ಕ್ಯಾನು ಹಿಡಿದು ಬರುತ್ತಿದ್ದ ಪಕ್ಕದ ಮನೆಯ ಪುಟ್ಟತಾಯಮ್ಮ, "ಅಯ್ಯೋ, ಬೀರಣ್ಣನಿಗೆ ಮೈಮೇಲೆ ದ್ಯಾವ್ರು ಬಂದದೆ!" ಎಂದು ಓಡಿಬಂದು ಅವನ ತೋಳು ಹಿಡಿದಳು. ಮಾದೇವ ಸ್ವಿಚ್ಚು ಆರಿಸುವಷ್ಟರಲ್ಲಿ ಇಬ್ಬರೂ ಎರಡು ದಿಕ್ಕಿಗೆ ಹಾರಿಬಿದ್ದರು. ಕ್ಯಾನು ಮೂರನೆಯ ದಿಕ್ಕಿಗೆ ಹೋಯಿತು.

ಪುಟ್ಟತಾಯಮ್ಮ ಮೊದಲು ಎದ್ದಳು. ಎದ್ದವಳು ತನ್ನ ಬಲಗೈಯನ್ನೇ ನೋಡುತ್ತ ನಿಂತಳು. ಆ ಕೈ ಹೋದ ವರ್ಷದಿಂದ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ತಲೆ ಬಾಚಲೂ ಸೊಸೆಯನ್ನು ಕರೆಯಬೇಕಿತ್ತು. ಈಗ ಅದು ಧ್ವಜಕಂಬದಂತೆ ನೆಟ್ಟಗೆ ಮೇಲೆ ಎದ್ದಿತ್ತು.

"ನನ್ ಕೈ! ನನ್ ಕೈ ಮ್ಯಾಕೆ ಓಯ್ತು ಕಣ್ರಪ್ಪೋ! ಬೀರಣ್ಣನ್ನ ಮುಟ್ಟಿದ್ದೇ ತಡ, ಓಯ್ತು!"

"ಅದು ಕರೆಂಟು ಕಣಕ್ಕ..." ಎಂದು ನೆಲದ ಮೇಲಿಂದ ಚಿಕ್ಕಬೀರಯ್ಯ ನರಳಿದ.

"ಕರೆಂಟೇ ಕಣಪ್ಪ! ನಿನ್ ಮೈಯಾಗೆ ಕರೆಂಟು ಬಂದದೆ!"

ಅವಳು ಆ ಕೈಯನ್ನು ಕೆಳಗಿಳಿಸದೆ ಡೈರಿಯ ಕಡೆ ಓಡಿದಳು. ಬೆಳಗಿನ ಹೊತ್ತು ಹಾಲಿನ ಡೈರಿಯ ಮುಂದೆ ಊರಿಗೆ ಊರೇ ನಿಂತಿರುತ್ತದೆ. ಚಿಕ್ಕಬೀರಯ್ಯನಿಗೆ ಸುನಂದಮ್ಮ ಸಕ್ಕರೆ ನೀರು ಕುಡಿಸಿ ಮುಗಿಸುವುದರೊಳಗೆ ಅಂಗಡಿಯ ಮುಂದೆ ಮಂಡಿ ನೋವಿನವರು, ಸೊಂಟ ಹಿಡಿದವರು, ಕಿವಿ ಮಂದವಾದವರು ಬಂದು ಸಾಲಾಗಿ ನಿಂತಿದ್ದರು.

"ನಂಗ್ಯಾವ ಶಕ್ತೀನೂ ಬಂದಿಲ್ಲ ಕಣ್ರಪ್ಪ, ಬಸ್ಸಿಗೆ ಒತ್ತಾಯ್ತು" ಎಂದು ಅವನು ಕೈಮುಗಿದ.

"ನೋಡಿದ್ರಾ? ಶಕ್ತಿ ಬಂದೋರು ಇಂಗೇ ಅನ್ನೋದು" ಎಂದಳು ಪುಟ್ಟತಾಯಮ್ಮ. "ಬಂದಿಲ್ದೋರು ಬೋರ್ಡ್ ಆಕ್ಕೊಂಡು ಕುಂತಿರ್ತಾರೆ."

ವಾದ ಮಾಡುವುದಕ್ಕಿಂತ ಬೇಗ ಬೇಗ ಮುಟ್ಟಿ ಕಳಿಸಿಬಿಟ್ಟರೆ ಬಸ್ಸು ಸಿಗುತ್ತದೆ ಎಂದು ಚಿಕ್ಕಬೀರಯ್ಯ ಲೆಕ್ಕ ಹಾಕಿದ. ಅದೇ ತಪ್ಪಾಯಿತು. ಮುಟ್ಟಿದವರಿಗೆಲ್ಲ ಗುಣವಾಗತೊಡಗಿತು. ಕೈಯಲ್ಲಿ ಇನ್ನೂ ಉಳಿದಿದ್ದ ನಡುಕ ಅವರಿಗೆ ಜುಂ ಎನ್ನುತ್ತಿತ್ತು. ಒಬ್ಬ ಊರುಗೋಲನ್ನು ಅಲ್ಲೇ ಬಿಟ್ಟು ಹೋದ. ಇನ್ನೊಬ್ಬಳು ಕಿವಿ ಕೇಳಿಸುತ್ತಿದೆ ಎಂದು, ಯಾರೂ ಏನೂ ಹೇಳದಿದ್ದಾಗಲೂ "ಆಂ, ಕೇಳಿಸ್ತು, ಕೇಳಿಸ್ತು" ಎಂದಳು. ಡೈರಿಯ ಕಾರ್ಯದರ್ಶಿ ಮಾತ್ರ ಮಂಡಿ ಮಡಚಿ ನೋಡಿ, "ನಂಗೇನೂ ಕಮ್ಮಿ ಆಗ್ಲಿಲ್ವಲ್ಲ" ಎಂದ.

ಎಲ್ಲರೂ ಅವನ ಕಡೆ ತಿರುಗಿದರು.

"ಹಾಲಿನ ಅಳತೇಲಿ ಮೋಸ ಮಾಡೋನಿಗೆ ಯೆಂಗ್ಲಾ ಕಮ್ಮಿ ಆದದು?" ಎಂದು ಯಾರೋ ಕೇಳಿದರು.

ಕಾರ್ಯದರ್ಶಿ ಇನ್ನೊಮ್ಮೆ ಮಂಡಿ ಮಡಚಿದ. "ಈಗ ವಸಿ ಕಮ್ಮಿ ಆದಂಗದೆ" ಎಂದ.

ಅಷ್ಟರಲ್ಲಿ ಮೈಸೂರು ಬಸ್ಸು ಬಂತು. ಜನ ರಸ್ತೆಗೆ ಅಡ್ಡ ನಿಂತಿದ್ದರಿಂದ ಅಂಗಡಿಯ ಎದುರಿಗೇ ನಿಂತಿತು. ಚಿಕ್ಕಬೀರಯ್ಯನಿಗೆ ಜೀವ ಬಂದಂತಾಯಿತು. "ಸುನಂದಾ, ಬಾ!" ಎಂದು ಎದ್ದ. ಆದರೆ ವಿಷಯ ಏನೆಂದು ಕೇಳಲು ಇಳಿದ ಕಂಡಕ್ಟರು ಹಿಡಿದುಕೊಂಡಿದ್ದ ಕತ್ತನ್ನು ಓರೆ ಮಾಡಿಕೊಂಡು ಅವನ ಮುಂದೆ ಬಂದು ಕುಕ್ಕರಿಸಿದ.

"ನಂದೊಂದು ನೋಡಿ ಯಜಮಾನ್ರೆ. ಬಸ್ಸು ನಿಮಗೋಸ್ಕರ ನಿಂತಿರ್ತದೆ."

ಚಿಕ್ಕಬೀರಯ್ಯ ಕತ್ತಿನ ಮೇಲೆ ಕೈ ಇಟ್ಟ. ಕಂಡಕ್ಟರು ಕತ್ತನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, ಸಂತೋಷ ತಾಳಲಾರದೆ ಓಡಿಹೋಗಿ ಬಸ್ಸು ಹತ್ತಿ, "ರೈಟ್!" ಎಂದು ಕೂಗಿದ. ಜನರ ನಡುವೆ ಸಿಕ್ಕಿಕೊಂಡ ಚಿಕ್ಕಬೀರಯ್ಯ ಒಂದು ಕೈ ಮೇಲೆತ್ತಿ "ಓಯ್, ಓಯ್" ಎಂದ. ಕಂಡಕ್ಟರು ಅದನ್ನು ಆಶೀರ್ವಾದ ಎಂದುಕೊಂಡು ಕೈಮುಗಿದ. ಬಸ್ಸು ಹೋಯಿತು.

ಸುನಂದಮ್ಮ ಜಗಲಿಯ ಮೇಲೆ ನಿಂತು ಬಸ್ಸು ತಿರುವಿನಲ್ಲಿ ಮರೆಯಾಗುವುದನ್ನು ನೋಡಿದಳು. ಅವಳ ಮುಖದಲ್ಲಿ ಬೇಸರವಿತ್ತೋ ಬಿಡುಗಡೆಯಿತ್ತೋ ಗಂಡನಿಗೆ ತಿಳಿಯಲಿಲ್ಲ. ಅವಳು ಚೀಲ ಎತ್ತಿಕೊಂಡು ಒಳಗೆ ಹೋದಳು.

ಊರಿನಲ್ಲಿ ಆಗಲೇ ಒಬ್ಬ ಶಕ್ತಿ ಚಿಕಿತ್ಸಕ ಇದ್ದ. ಅವನ ಹೆಸರು ಚೇತನ್‌ಕುಮಾರ್. ಮೊದಲು ಇನ್ಶೂರೆನ್ಸು ಮಾಡಿಸುತ್ತಿದ್ದ, ಆಮೇಲೆ ತೂಕ ಇಳಿಸುವ ಪುಡಿ ಮಾರುತ್ತಿದ್ದ. ಈಗ ಗೊಬ್ಬರದಂಗಡಿಯ ಮಹಡಿಯಲ್ಲಿ ಹಳದಿ ಜುಬ್ಬ ಹಾಕಿಕೊಂಡು ಕೂತು, ರೋಗಿಯನ್ನು ಮುಟ್ಟದೆ, ಮೈಯಿಂದ ಒಂದು ಗೇಣು ದೂರದಲ್ಲಿ ಗಾಳಿಯನ್ನು ಸವರಿ, ಸಿಕ್ಕಿದ ಕಾಯಿಲೆಯನ್ನು ಬಕೆಟ್ಟಿನ ಉಪ್ಪುನೀರಿಗೆ ಒದರುತ್ತಿದ್ದ. ಸುದ್ದಿ ಕೇಳಿದ ಕೂಡಲೇ ಸ್ಕೂಟರಿನಲ್ಲಿ ಬಂದ.

ಅವನನ್ನು ಕಂಡು ಚಿಕ್ಕಬೀರಯ್ಯನಿಗೆ ಧೈರ್ಯ ಬಂತು. ತನ್ನ ವ್ಯಾಪಾರ ಹಾಳಾಗುತ್ತದೆಂದು ಇವನು ಹೊಟ್ಟೆಕಿಚ್ಚಿನಿಂದಲಾದರೂ ಎಲ್ಲರೆದುರು ಬೈಯುತ್ತಾನೆ, ಇದೆಲ್ಲ ಸುಳ್ಳು ಅನ್ನುತ್ತಾನೆ, ಜನ ಚದುರುತ್ತಾರೆ ಎಂದುಕೊಂಡ.

"ಚೇತನಪ್ಪ, ನೀನೇ ಯೋಳಪ್ಪ ಇವ್ರಿಗೆ. ನಂಗೆ ಶಕ್ತಿಗಿಕ್ತಿ ಏನೂ ಇಲ್ಲ ಅಂತ."

ಚೇತನ್‌ಕುಮಾರ್ ಜನರ ಸಾಲನ್ನು ಒಮ್ಮೆ ಮೊದಲಿಂದ ಕೊನೆತನಕ ನೋಡಿದ. ಕಣ್ಣು ಮುಚ್ಚಿ, ಚಿಕ್ಕಬೀರಯ್ಯನ ಸುತ್ತ ಗಾಳಿಯನ್ನು ಸವರಿ, ಬಿಸಿ ಪಾತ್ರೆ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ.

"ನನಗೆ ಮೊದಲೇ ಗೊತ್ತಿತ್ತು. ಹೋದ ತಿಂಗಳು ಇವರು ನನ್ನ ಶಿಬಿರಕ್ಕೆ ಬಂದಾಗಲೇ ನಾನು ಶಕ್ತಿ ಇಳಿಸಿದ್ದೆ. ಈಗ ತೆರಕೊಂಡಿದೆ. ಇವರು ನನ್ನ ಶಿಷ್ಯರು."

"ನಾನು ಬಂದಿದ್ದು ನಿಮ್ ಫ್ಯಾನ್ ರಿಪೇರಿಗೆ!"

"ಶಕ್ತಿಗೆ ಒಂದು ನೆಪ ಬೇಕು" ಎಂದು ಚೇತನ್‌ಕುಮಾರ್ ಜನರ ಕಡೆ ತಿರುಗಿ ಮುಗುಳ್ನಕ್ಕ. "ಆದರೆ ಒಂದು ಎಚ್ಚರಿಕೆ. ಕಲೀದೆ ಕೈ ಇಡಬಾರದು. ನಿಮ್ಮ ನೋವೆಲ್ಲ ಇವರ ಮೈಗೆ ಸೇರಿಕೊಳ್ತದೆ. ಇನ್ನು ಮೇಲೆ ನನ್ನ ಕೇಂದ್ರದಲ್ಲಿ, ನನ್ನ ಪಕ್ಕದಲ್ಲಿ ಕೂತೇ ಇವರು ಮುಟ್ಟೋದು."

ಜನ ಚಪ್ಪಾಳೆ ತಟ್ಟಿದರು. ಚಿಕ್ಕಬೀರಯ್ಯ ಅವನ ಜುಬ್ಬ ಹಿಡಿದು ಅಂಗಡಿಯೊಳಗೆ, ಸುಟ್ಟ ಮೋಟರುಗಳ ಹಿಂದಕ್ಕೆ ಎಳೆದುಕೊಂಡು ಹೋದ.

"ನಿನ್ ಕಾಲಿಗೆ ಬೀಳ್ತೀನಿ ಕಣಪ್ಪ. ನನ್ನೆಂಡ್ರಿಗೆ ಎದೇಲಿ ಗಂಟಾಗದೆ. ಯಾರಿಗೂ ಯೋಳಿಲ್ಲ. ಇವತ್ತು ಮೈಸೂರಿಗೆ ಓಗಬೇಕಿತ್ತು. ಇದನ್ನೆಲ್ಲ ಅವಳು ನಂಬ್ಬುಟ್ರೆ ಯೆಂಗೆ?"

ಚೇತನ್‌ಕುಮಾರನ ಮುಖದ ಮೇಲಿದ್ದ ಗುರುವಿನ ಕಳೆ ಹೊರಟುಹೋಯಿತು. ಹಳೆಯ ಇನ್ಶೂರೆನ್ಸು ಹುಡುಗನ ಮುಖ ಕಾಣಿಸಿತು.

"ಅಯ್ಯೋ, ಹಂಗಾದ್ರೆ ತಡ ಮಾಡ್ಬೇಡಿ ಅಣ್ಣ. ನಮ್ಮವ್ವಂಗೂ ಅದೇ ಆಗಿತ್ತು. ಬೇಗ ಕರ್ಕೊಂಡೋಗಿದ್ದಕ್ಕೆ ಉಳಕೊಂಡ್ಲು. ಆಪರೇಷನ್ ಮಾಡಿಸ್ದೆ."

"ನಿನ್ ಕೈಯಾಗೆ ಯಾಕೆ ವಾಸಿ ಮಾಡ್ಲಿಲ್ಲ?"

ಚೇತನ್‌ಕುಮಾರ್ ನೆಲ ನೋಡಿದ. "ಹೆತ್ತ ತಾಯಿ ಅಲ್ವಾ ಅಣ್ಣ" ಎಂದ.

"ಇದನ್ನೇ ಸುನಂದಂಗೆ ಒಂದು ಮಾತು ಯೋಳ್ಬುಡಪ್ಪ."

"ಅದೊಂದು ಕೇಳ್ಬೇಡಿ. ಹೆಂಗಸರ ಬಾಯಿ. ಸಂಜೆಯೊಳಗೆ ನಾನು ಮಹಡಿ ಖಾಲಿ ಮಾಡಬೇಕಾಗ್ತದೆ" ಎಂದು ಅವನು ಜುಬ್ಬ ಬಿಡಿಸಿಕೊಂಡು, ಹೊಸ್ತಿಲ ಹತ್ತಿರ ಬರುತ್ತಲೇ ಮುಖಕ್ಕೆ ಮತ್ತೆ ಮುಗುಳ್ನಗೆ ಹಾಕಿಕೊಂಡು ಹೊರಗೆ ಹೋದ.

ಚಿಕ್ಕಬೀರಯ್ಯ ಒಳಗೆ ಹೋದ. ಸುನಂದಮ್ಮ ಒಳ್ಳೆಯ ಸೀರೆ ಬಿಚ್ಚಿಟ್ಟು, ಮನೆಯ ಸೀರೆ ಉಟ್ಟು, ಉಪ್ಪೆಸರಿಗೆ ಸೊಪ್ಪು ಬಿಡಿಸುತ್ತ ಕುಳಿತಿದ್ದಳು.

"ಸೀರೆ ಯಾಕೆ ಬದಲಾಯಿಸ್ದೆ? ಮಧ್ಯಾಹ್ನದ ಬಸ್ಸಿಗೆ ಓಗಮ."

"ಮೈಸೂರಿಗ್ಯಾಕೆ?" ಅವಳು ತಲೆ ಎತ್ತಲಿಲ್ಲ. "ಊರೋರ್ಗೆಲ್ಲ ನಮ್ ಬಾಗ್ಲಲ್ಲೇ ವಾಸಿ ಆಗ್ತಾ ಅದೆ. ನಾನೇನು ಹೊರಗಿನೋಳಾ?"

"ಲೇ, ನೀನೂ ಇಂಗಂದ್ರೆ ಯೆಂಗೆ? ಈ ಕೈನ ಮದುವೆ ಆದಾಗ್ಲಿಂದ ಕಂಡಿದ್ದೀಯ. ಒಂದಿನಾನಾದ್ರೂ ನಿನ್ ತಲೆನೋವು ಕಮ್ಮಿ ಮಾಡಿತ್ತಾ ಇದು?"

"ಕರೆಂಟು ಬಂದಿದ್ದು ಇವತ್ತು ತಾನೆ?"

ಇದನ್ನು ಒಂದೇ ಸಲಕ್ಕೆ ಮುಗಿಸಿಬಿಡಬೇಕೆಂದು ಚಿಕ್ಕಬೀರಯ್ಯ ಬಾಗಿಲು ಹಾಕಿಕೊಂಡು ಬಂದು ಅವಳ ಎದುರು ಕುಳಿತ.

"ಸರಿ. ಕೈ ಇಡ್ತೀನಿ. ಗಂಟು ಅಂಗೇ ಇದ್ರೆ ತುಟಿಪಿಟಕ್ ಅನ್ನದೆ ಬಸ್ಸತ್ತಬೇಕು. ಭಾಷೆ ಕೊಡು."

ಅವಳು ಸೊಪ್ಪಿನ ಕೈಯಲ್ಲೇ ಭಾಷೆ ಕೊಟ್ಟಳು.

ಚಿಕ್ಕಬೀರಯ್ಯ ಸೆರಗಿನ ಅಡಿಯಲ್ಲಿ ಕೈ ಇಟ್ಟ. ಗಂಟಿನ ವಿಷಯ ಕಿವಿಯಲ್ಲಿ ಕೇಳಿದ್ದನೇ ಹೊರತು ಅವನು ಅದನ್ನು ಅದುವರೆಗೆ ಮುಟ್ಟಿರಲಿಲ್ಲ. ಬೆರಳಿಗೆ ಅದು ನೆಲ್ಲಿಕಾಯಿಯಂತೆ ಸಿಕ್ಕಿತು. ಗಟ್ಟಿಯಾಗಿ, ಒತ್ತಿದರೂ ಜರುಗದೆ, ಅಲ್ಲಿಯೇ ಹುಟ್ಟಿ ಬೆಳೆದದ್ದರ ಹಾಗೆ ಕುಳಿತಿತ್ತು. ಸುನಂದಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಹೊರಗೆ ಪುಟ್ಟತಾಯಮ್ಮ ಯಾರಿಗೋ ತನ್ನ ಕೈ ಮೇಲೆದ್ದ ಕಥೆ ಹೇಳುತ್ತಿದ್ದುದು ಕೇಳಿಸುತ್ತಿತ್ತು.

"ಓಯ್ತು" ಎಂದಳು ಸುನಂದಮ್ಮ.

"ಏನು ಓಯ್ತು?"

"ಗಂಟು."

"ನನ್ ಕೈ ಕೆಳಗೇ ಅದೆ ಕಣಮ್ಮಿ!"

"ಅದು ಗಂಟಲ್ಲ. ಗಂಟು ಇದ್ದ ಜಾಗ."

ಅವಳು ಕಣ್ಣು ತೆರೆದಳು. ಆ ಕಣ್ಣುಗಳಲ್ಲಿ ನಂಬಿಕೆಯೇನೂ ಇರಲಿಲ್ಲ. ಕಟುಕನ ಅಂಗಡಿಯ ಮುಂದೆ ಹಗ್ಗ ಜಗ್ಗಿ ನಿಂತ ಆಡಿನ ಹೆದರಿಕೆ ಮಾತ್ರ ಇತ್ತು. ಅವನು ಇನ್ನೊಂದು ಮಾತಾಡುವುದರೊಳಗೆ ಎದ್ದು ಬಾಗಿಲು ತೆಗೆದು, ಜಗಲಿಗೆ ಹೋಗಿ, ಎಲ್ಲರಿಗೂ ಕೇಳುವಂತೆ, "ನಂದೂ ಬೆನ್ನುನೋವು ವಾಸಿ ಆಯ್ತು ಕಣ್ರಪ್ಪ!" ಎಂದುಬಿಟ್ಟಳು. ಜನ ಮತ್ತೆ ಚಪ್ಪಾಳೆ ತಟ್ಟಿದರು. ಊರೆಲ್ಲ ಸಾಕ್ಷಿಯಾದ ಮೇಲೆ ಅವಳನ್ನು ಇನ್ನು ಯಾವ ಬಸ್ಸೂ ಹತ್ತಿಸುವಂತಿರಲಿಲ್ಲ.

ಚಿಕ್ಕಬೀರಯ್ಯ ಸೊಪ್ಪಿನ ಪಕ್ಕದಲ್ಲಿ ತಲೆ ಹಿಡಿದು ಕುಳಿತ. ಹೊರಗೆ ಚೇತನ್‌ಕುಮಾರ್ ಹೊಸದಾಗಿ ಬಂದವರಿಗೆ ಅದೇ ಎಚ್ಚರಿಕೆಯನ್ನು ಮತ್ತೊಮ್ಮೆ ಹೇಳುತ್ತಿದ್ದ. ಕಲೀದೆ ಕೈ ಇಟ್ಟರೆ ನೋವೆಲ್ಲ ಮುಟ್ಟಿದವರ ಮೈಗೆ ಸೇರ್ತದೆ.

ಕುಳಿತಿದ್ದವನು ತಲೆ ಎತ್ತಿದ. ಅವನ ಬದುಕಿನಲ್ಲಿ ಇಂಥ ಉಪಾಯ ಹಿಂದೆಂದೂ ಹೊಳೆದಿರಲಿಲ್ಲ. ಎದ್ದು, ನಿಧಾನವಾಗಿ ಜಗಲಿಗೆ ಬಂದು, ಎಡ ಎದೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಕಂಬಕ್ಕೆ ಒರಗಿ ಜಾರಿ ಕುಳಿತ.

"ಅಯ್ಯಯ್ಯೋ... ಎದೆ... ಎಡಗಡೆ... ಸುನಂದಾ, ನಿಂದು ನಂಗೆ ಬಂದ್ಬುಡ್ತು ಕಣೇ!"

ಸುನಂದಮ್ಮನ ಮುಖ ಸುಣ್ಣದಂತೆ ಬಿಳಿಚಿಕೊಂಡಿತು.

"ಅದೇ! ನಾನು ಹೇಳ್ಲಿಲ್ವಾ?" ಎಂದು ಚೇತನ್‌ಕುಮಾರ್ ಹೆಮ್ಮೆಯಿಂದ ಮುಂದೆ ಬಂದು ಗಾಳಿ ಸವರತೊಡಗಿದ. "ಯಾರೂ ಹೆದರಬೇಡಿ. ಒಂದು ಬಕೆಟ್ ಉಪ್ಪುನೀರು ತನ್ನಿ."

"ಸುಮ್ನೆ ಅತ್ಲಾಗೆ ಓಗ್ರಿ!" ಎಂದು ಸುನಂದಮ್ಮ ಅವನ ಕೈಯನ್ನು ತಳ್ಳಿದಳು. ಯಾವತ್ತೂ ಗಟ್ಟಿಯಾಗಿ ಮಾತಾಡದವಳು ಕೂಗಿದಳು. "ಮಾದೇವಾ, ಓಡೋಗಿ ನಿಮ್ ಮನೆ ಓಮ್ನಿ ವ್ಯಾನು ತಾರೋ! ಆಸ್ಪತ್ರೆಗೆ! ಮೈಸೂರಿಗೆ!"

ಎದೆ ಹಿಡಿದು ನರಳುತ್ತಿದ್ದ ಚಿಕ್ಕಬೀರಯ್ಯನಿಗೆ ಒಳಗೊಳಗೇ ಕುಣಿಯುವಷ್ಟು ಖುಷಿಯಾಯಿತು. ತನಗಾಗಿ ಒಂದು ಹೆಜ್ಜೆ ಇಡದ ಹೆಂಗಸು ಅವನಿಗಾಗಿ ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಮ್ನಿ ಹತ್ತಿದಳು. ಹಿಂದೆ ಪುಟ್ಟತಾಯಮ್ಮ ಹತ್ತಿದಳು. ಶಿಷ್ಯ ದಾರಿಯಲ್ಲಿ ಸತ್ತರೆ ಕೆಟ್ಟ ಹೆಸರು, ಉಳಿದರೆ ಒಳ್ಳೆಯ ಹೆಸರು ಎಂದು ಚೇತನ್‌ಕುಮಾರನೂ ಹತ್ತಿದ.

ದಾರಿಯುದ್ದಕ್ಕೂ ಸಲಹೆಗಳು ಬಂದವು. ಪಿರಿಯಾಪಟ್ಟಣದಲ್ಲಿ ಮಂತ್ರಿಸುವವರಿದ್ದಾರೆ, ಅಲ್ಲಿ ನಿಲ್ಲಿಸು ಎಂದು ಪುಟ್ಟತಾಯಮ್ಮ ಹೇಳಿದಳು. ಹುಣಸೂರು ಹತ್ತಿರ ಬಂದಾಗ ಮಾದೇವ ತನಗೆ ಗೊತ್ತಿದ್ದ ನಾಟಿ ವೈದ್ಯರೊಬ್ಬರ ಹೆಸರು ಹೇಳಿದ. ಚೇತನ್‌ಕುಮಾರ್ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ ಕೂತು, ಗಾಳಿಯಿಂದ ಕಿತ್ತದ್ದನ್ನು ಕಿಟಕಿಯಾಚೆಗೆ ಎಸೆಯುತ್ತಿದ್ದ. ಹಿಂದೆ ಬರುತ್ತಿದ್ದ ಬೈಕಿನವನೊಬ್ಬ ಅದನ್ನು ತನಗೆ ದಾರಿ ಬಿಡುವ ಸನ್ನೆ ಎಂದುಕೊಂಡು ನುಗ್ಗಿ, ಎದುರಿನ ಲಾರಿಯಿಂದ ಕೂದಲೆಳೆಯಲ್ಲಿ ಪಾರಾದ.

"ಎಲ್ಲೂ ನಿಲ್ಸಬೇಡ. ಇವ್ರನ್ನ ಡಾಕ್ಟ್ರೇ ನೋಡ್ಬೇಕು" ಎಂದಳು ಸುನಂದಮ್ಮ. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಅವನ ಹಣೆ ಒರೆಸುತ್ತಿದ್ದಳು. ಎಷ್ಟು ಒರೆಸಿದರೂ ಬೆವರು ಮತ್ತೆ ಒಸರುತ್ತಿತ್ತು. ಚಿಕ್ಕಬೀರಯ್ಯನಿಗೆ ತನ್ನ ನಟನೆಯ ಬಗ್ಗೆ ತನಗೇ ಅಚ್ಚರಿಯಾಯಿತು. ಅಂಗಿಯೆಲ್ಲ ಒದ್ದೆಯಾಗಿತ್ತು, ಎಡಗೈ ಜೋಮು ಹಿಡಿದಿತ್ತು. ಇಷ್ಟು ಚೆನ್ನಾಗಿ ಮಾಡಬಲ್ಲೆ ಎಂದು ಗೊತ್ತಿದ್ದರೆ ಇದನ್ನು ಯುಗಾದಿಯ ಮಾರನೆಯ ದಿನವೇ ಮಾಡಬಹುದಿತ್ತು ಎಂದುಕೊಂಡ.

ಮೈಸೂರಿನ ದೊಡ್ಡ ಆಸ್ಪತ್ರೆಯೊಂದರ ಬಾಗಿಲಲ್ಲಿ ಅವನನ್ನು ಸ್ಟ್ರೆಚರಿನ ಮೇಲೆ ಮಲಗಿಸಿಕೊಂಡು ಒಳಗೆ ಒಯ್ದರು. ಹೆಂಡತಿಯನ್ನು ಬಾಗಿಲಾಚೆ ನಿಲ್ಲಿಸಿದರು. ಎದೆಗೆ ತಣ್ಣಗಿನ ಬಿಲ್ಲೆಗಳನ್ನು ಅಂಟಿಸಿದರು. ಪರದೆ ಎಳೆದು ಡಾಕ್ಟರು ಒಬ್ಬನೇ ಉಳಿದಾಗ, ಇದೇ ಸಮಯವೆಂದು ಚಿಕ್ಕಬೀರಯ್ಯ ಎದ್ದು ಕೂರಲು ಹೋದ.

"ಡಾಕ್ಟ್ರೇ, ನಂಗೇನೂ ಇಲ್ಲ. ಇದೆಲ್ಲ ನಾಟಕ. ಹೊರಗೆ ನನ್ನೆಂಡ್ರು ಅವಳೆ. ಅವಳ ಎಡ ಎದೇಲಿ ಗಂಟದೆ. ಬಾ ಅಂದ್ರೆ ಬರಲ್ಲ ಅಂತ ಇಂಗೆ ಮಾಡ್ದೆ. ಅವಳನ್ನ ನೋಡಿ."

ಯುವಕ ಡಾಕ್ಟರು ಯಂತ್ರದಿಂದ ಹೊರಬರುತ್ತಿದ್ದ ಗೀಟುಗಳ ಕಾಗದವನ್ನೇ ನೋಡುತ್ತಿದ್ದ.

"ಬೆಳಿಗ್ಗೆಯಿಂದ ಏನೇನಾಯ್ತು?"

"ಕರೆಂಟು ಹೊಡೀತು. ಅದು ನಂಗೆ ಮಾಮೂಲು."

"ಇಷ್ಟೊಂದು ಬೆವರು ಯಾಕೆ?"

"ನಾಟಕ ಡಾಕ್ಟ್ರೇ."

"ಬೆವರೋ ನಾಟಕ ಯಾರಿಗೂ ಬರಲ್ಲ ಯಜಮಾನ್ರೇ" ಎಂದು ಡಾಕ್ಟರು ಅವನ ಭುಜ ಹಿಡಿದು ಮಲಗಿಸಿ, "ಸಿಸ್ಟರ್, ಬೇಗ!" ಎಂದು ಕೂಗಿದ.

ಆಮೇಲೆ ಯಾರೂ ಅವನ ಮಾತು ಕೇಳಲಿಲ್ಲ. ಮೂಗು ಬಾಯಿಗಳ ಮೇಲೆ ಮುಖವಾಡದಂಥದ್ದೊಂದು ಬಂದು ಕುಳಿತಿತು. ಅದರೊಳಗಿಂದ ಅವನು "ಗಂಟು, ಗಂಟು" ಎನ್ನುತ್ತಲೇ ಇದ್ದ.

ಬಾಗಿಲಾಚೆ ಡಾಕ್ಟರು ಸುನಂದಮ್ಮನನ್ನು ಕರೆದು ನಿಲ್ಲಿಸಿಕೊಂಡ. ಪುಟ್ಟತಾಯಮ್ಮ, ಮಾದೇವ, ಚೇತನ್‌ಕುಮಾರ್ ಮೂವರೂ ಕತ್ತು ಚಾಚಿದರು.

"ನೋಡಮ್ಮ, ಸರಿಯಾದ ಹೊತ್ತಿಗೆ ಕರಕೊಂಡು ಬಂದ್ರಿ. ಹಾರ್ಟ್ ಅಟ್ಯಾಕ್. ರಕ್ತ ಹೋಗೋ ನಾಳದಲ್ಲಿ ಅಡ್ಡ ಬಂದಿದೆ. ನಿಮಗೆ ಅರ್ಥ ಆಗೋ ಹಾಗೆ ಹೇಳಬೇಕು ಅಂದ್ರೆ, ಒಳಗೆ ಗಂಟು ಕಟ್ಟಿದೆ."

ಸುನಂದಮ್ಮ ಗೋಡೆ ಹಿಡಿದುಕೊಂಡಳು. "ಗಂಟಾ?"

"ಹೂಂ."

"ಎಡ ಎದೇಲಾ?"

"ಎಡಗಡೇನೇ."

"ಮಿಷಿನ್ನಲ್ಲಿ ಕಾಣಿಸ್ತಾ?"

"ಕಾಣದೆ ಏನಮ್ಮ? ಅದನ್ನೀಗ ತೆಗೀಬೇಕು" ಎಂದು ಡಾಕ್ಟರು ಒಳಗೆ ಹೋದ.

ಚೇತನ್‌ಕುಮಾರ್ ಬಾಯಿ ತೆರೆದು ನಿಂತಿದ್ದ. ಇಷ್ಟು ವರ್ಷ ತಾನು ಹೇಳುತ್ತಿದ್ದದ್ದು ನಿಜವಾಗಿಯೂ ನಡೆಯಬಹುದೆಂದು ಅವನು ಯಾವತ್ತೂ ಅಂದುಕೊಂಡಿರಲಿಲ್ಲ. ಹೆದರಿ, ತನ್ನ ಎರಡೂ ಕೈಗಳನ್ನು ಜುಬ್ಬದ ಜೇಬಿಗೆ ಹಾಕಿಕೊಂಡ.

ಸಂಜೆ ಚಿಕ್ಕಬೀರಯ್ಯನಿಗೆ ಎಚ್ಚರವಾದಾಗ ಗಂಟು ತೆಗೆದಾಗಿತ್ತು. ಪಕ್ಕದಲ್ಲಿ ಯಂತ್ರವೊಂದು ಕುಯ್ ಕುಯ್ ಎನ್ನುತ್ತಿತ್ತು. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಸುನಂದಮ್ಮ ಕುಳಿತಿದ್ದಳು. ಅತ್ತು ಅತ್ತು ಅವಳ ಕಣ್ಣು ಊದಿದ್ದವು. ಆದರೆ ಅವುಗಳಲ್ಲಿ ಬೆಳಗಿನ ಹೆದರಿಕೆ ಇರಲಿಲ್ಲ. ಅದರ ಸುಳಿವೂ ಉಳಿದಿರಲಿಲ್ಲ. ಅವಳು ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು.

"ಹೂಂ ಕಣವ್ವ ರಮ್ಯ, ಜೀವಕ್ಕೇನೂ ತೊಂದ್ರೆ ಇಲ್ಲವಂತೆ. ನನ್ ಪರೀಕ್ಷೆನಾ? ನಂಗೆಂಥಾ ಪರೀಕ್ಷೆ? ನಿಮ್ಮಪ್ಪ ತಮ್ ಮೈಗೆ ತಗೊಂಡ್ರಲ್ಲ. ನಾನೂ ಮೊದ್ಲು ನಂಬಿರ್ಲಿಲ್ಲ, ಸೂಜಿಗೆ ಎದರಿ ಸುಳ್ಳು ಯೋಳಿದ್ದೆ. ಆದ್ರೆ ಡಾಕ್ಟ್ರೇ ಅಂದ್ರು ಕಣವ್ವ. ಮಿಷಿನ್ನಲ್ಲೇ ಕಾಣಿಸ್ತಂತೆ, ಎಡ ಎದೇಲಿ ಗಂಟು. ತೆಗೆದೂ ಬುಟ್ರು."

ಚಿಕ್ಕಬೀರಯ್ಯ ಕೈಯಾಡಿಸಿ ನರ್ಸನ್ನು ಕರೆದ. ಅವಳು ಬಗ್ಗಿದಾಗ ಒಣಗಿದ ನಾಲಿಗೆಯಲ್ಲಿ, "ಅವಳಿಗೆ ಗಂಟದೆ... ನೋಡಿ..." ಎಂದ. ನರ್ಸು ಸುನಂದಮ್ಮನ ಕಡೆ ತಿರುಗಿ, "ನಿಮಗೆ ಗಂಟಿದೆಯಂತಲ್ಲಮ್ಮ?" ಎಂದು ಕೇಳಿದಳು.

"ಇತ್ತು ಕಣವ್ವ" ಎಂದು ಸುನಂದಮ್ಮ ಕಣ್ಣೊರೆಸಿಕೊಂಡಳು. "ಈಗಷ್ಟೇ ನೀವೇ ತೆಗುದ್ರಲ್ಲ, ಅದೇಯ."

ನರ್ಸು ಇಬ್ಬರ ಮುಖವನ್ನೂ ನೋಡಿದಳು. ಇಂಥ ದಿನ ಗಂಡಹೆಂಡಿರು ಏನೇನೋ ಮಾತಾಡುವುದು ಅವಳಿಗೆ ಅಭ್ಯಾಸವಾಗಿತ್ತು. ಚಿಕ್ಕಬೀರಯ್ಯ ಕೋಪದಿಂದ ಎದ್ದು ಕೂರಲು ಹೋದ. ಯಂತ್ರ ಒಂದೇ ಸಮನೆ ಕಿರುಚಿಕೊಂಡಿತು. ನರ್ಸು ಅವನನ್ನು ಒತ್ತಿ ಮಲಗಿಸಿ ನಿದ್ದೆಯ ಇಂಜೆಕ್ಷನ್ನು ಚುಚ್ಚಿದಳು.

"ಮಾತಾಡ್ಬೇಡಿ, ಸುಮ್ನೆ ಮಲಗಿ" ಎಂದು ಸುನಂದಮ್ಮ ಅವನ ಬಲಗೈಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. "ನಂಗೋಸ್ಕರ ಇಷ್ಟು ಮಾಡಿದ್ರಿ. ಇನ್ನು ಮೇಲೆ ಯಾರನ್ನೂ ಮುಟ್ಟಕೆ ಬುಡಕಿಲ್ಲ ನಾನು."

ನಿದ್ದೆ ಹತ್ತುವ ಮೊದಲು ಅವನಿಗೆ ಎರಡು ಗುಟುಕು ಗಂಜಿ ಕುಡಿಸಲೆಂದು ಅವಳು ಎಡಗೈಯಲ್ಲಿ ಫ್ಲಾಸ್ಕು ಎತ್ತಿದಳು. ಅರ್ಧಕ್ಕೆ ಎತ್ತಿದವಳು ತಟ್ಟನೆ ನಿಂತು, ಬಲಗೈಯನ್ನು ಎಡ ಎದೆಗೆ ಒತ್ತಿಹಿಡಿದು, ತುಟಿ ಕಚ್ಚಿಕೊಂಡಳು. ಆಮೇಲೆ ಏನೂ ಆಗದವಳಂತೆ ಅದನ್ನು ಬಲಗೈಗೆ ಬದಲಾಯಿಸಿಕೊಂಡು ಗಂಡನನ್ನು ನೋಡಿ ನಕ್ಕಳು.

ಚಿಕ್ಕಬೀರಯ್ಯ ಅದನ್ನು ನೋಡಿದ. ಕೂಗಬೇಕೆಂದುಕೊಂಡ. ನಾಲಿಗೆಗೆ ಆಗಲೇ ನಿದ್ದೆ ಬಂದಿತ್ತು.